ಒಡೆತನವೂ ಊರೂ ಬದಲಾದ ಯಂತ್ರಗಳು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ರೈತ ಮೊದಲು ಮಾಡುವ ಕೆಲಸ ಅದರ ಬಾಯಿ ತೆರೆಸಿ ಹಲ್ಲು ನೋಡುವುದು. ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ, ಇಲ್ಲವೆ ಬಾಯಿ ಕೂಡಿದೆಯೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಹದ ನೋಡುತ್ತಾನೆ, ಆದರೆ ಗಾಡಿಗೆ ಹೂಡಿಯೂ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆಯೇ ದಲ್ಲಾಳಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತೆತ್ತುವುದು. ಮಾರುವವನು ಏನೇ ಹೇಳಲಿ, ಎತ್ತಿನ ಚರಿತ್ರೆ ಎತ್ತಿನ ಮೈಮೇಲೆಯೇ ಬರೆದಿರುತ್ತದೆ. ಓದಬಲ್ಲ ಕಣ್ಣಿದ್ದರೆ ಸಾಕು.

ಯಂತ್ರಕ್ಕೆ ಹಲ್ಲಿಲ್ಲ. ಹದಿನೈದು ವರ್ಷ ಕಾದು ತಣಿದ ಉಗಿಪಾತ್ರೆಗೆ, ಎಂದರೆ ನಾವೆಲ್ಲ ಬಾಯ್ಲರ್ ಎಂದು ಕರೆಯುವ ಸಾಧನಕ್ಕೆ, ಒಂದು ಕೈ ಕಪ್ಪು ಬಣ್ಣ ಬಳಿದು ನಿಲ್ಲಿಸಿದರೆ ಅದು ನಿನ್ನೆ ತಯಾರಾದದ್ದರ ಹಾಗೆಯೇ ಕಾಣುತ್ತದೆ. ಕಾರ್ಖಾನೆಗೆ, ಹೋಟೆಲಿಗೆ, ಆಸ್ಪತ್ರೆಗೆ, ಶೈತ್ಯಾಗಾರಕ್ಕೆ ಬೇಕಾಗುವ ಕಾಯಿಸುವ, ತಣಿಸುವ ದೊಡ್ಡ ಯಂತ್ರಗಳನ್ನು ಬೇರೊಬ್ಬರು ಬಳಸಿ ಬಿಟ್ಟ ಮೇಲೆ ಕೊಳ್ಳುವ ವ್ಯವಹಾರ ಇಂದು ನಿನ್ನೆಯದಲ್ಲ. ಉಗಿಯಂತ್ರದ ವಯಸ್ಸೆಷ್ಟೋ ಈ ವ್ಯಾಪಾರದ ವಯಸ್ಸೂ ಹೆಚ್ಚುಕಡಿಮೆ ಅಷ್ಟೆ. ಕನ್ನಡ ಮೇಷ್ಟ್ರಿಗೆ ಬಾಯ್ಲರಿನ ಗೊಡವೆ ಏಕೆಂದು ಕೇಳುಗರಲ್ಲಿ ಕೆಲವರಾದರೂ ಅಂದುಕೊಳ್ಳಬಹುದು. ವಸ್ತುಗಳು ಕೈಯಿಂದ ಕೈಗೆ ದಾಟುವಾಗ ಅವುಗಳ ಕಥೆಯೂ ಜೊತೆಯಲ್ಲಿ ದಾಟುತ್ತದೆಯೆ ಎಂಬ ಪ್ರಶ್ನೆ ಹಸ್ತಪ್ರತಿಗಳನ್ನು ಓದಿದವರಿಗೆ ಹೊಸದೇನಲ್ಲ. ಯಾರ ಭಂಡಾರದಿಂದ ಯಾರ ಭಂಡಾರಕ್ಕೆ ಬಂತು, ನಡುವೆ ಯಾವ ಗರಿ ಕಳೆಯಿತು, ಯಾರು ತಿದ್ದಿದರು ಎಂದು ನಾವು ತಡಕಾಡುತ್ತೇವೆ. ಓಲೆಗರಿಯ ಚರಿತ್ರೆ ತಿಳಿಯದೆ ಹೋದರೆ ಪಾಠಾಂತರ ಕೆಡುತ್ತದೆ. ಬಾಯ್ಲರಿನ ಚರಿತ್ರೆ ತಿಳಿಯದೆ ಹೋದರೆ ಜನ ಸಾಯುತ್ತಾರೆ. ವ್ಯತ್ಯಾಸ ಇಷ್ಟೆ.

ಮೊದಲು ಹಳೆಯ ಯಂತ್ರದ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಬಳಸಿದ್ದು ಎಂದಕೂಡಲೆ ಮೂಗು ಮುರಿಯುವುದು ನ್ಯಾಯವಲ್ಲ. ಥಾಮಸ್ ನ್ಯೂಕಾಮನ್ ಎಂಬಾತ 1712ರಲ್ಲಿ ಗಣಿಯ ನೀರೆತ್ತುವ ಉಗಿಯಂತ್ರವನ್ನು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ನಡೆಸಿ ತೋರಿಸಿದ. ಅದೇ ಮಾದರಿಯ ಒಂದು ಯಂತ್ರ ಸುಮಾರು 1725ರಿಂದ ವಾರ್ವಿಕ್‌ಶೈರಿನ ಗ್ರಿಫ್ ಕಲ್ಲಿದ್ದಲ ಗಣಿಯಲ್ಲಿತ್ತೆಂದು ಹೇಳುತ್ತಾರೆ. ಹೆಚ್ಚುಕಡಿಮೆ ನೂರು ವರ್ಷದ ಮೇಲೆ, 1821ರಲ್ಲಿ, ಕೊವೆಂಟ್ರಿ ಕಾಲುವೆಯವರು ಅದನ್ನು ತಂದು ಹಾಕ್ಸ್‌ಬರಿ ಎಂಬಲ್ಲಿ ಕಾಲುವೆಗೆ ನೀರೆತ್ತಲು ನಿಲ್ಲಿಸಿದರು. ಜೇಮ್ಸ್ ವಾಟನ ಯಂತ್ರಗಳು ಬಂದು, ಅವೂ ಹಳತಾಗುತ್ತಿದ್ದ ಕಾಲ ಅದು. ಆದರೂ ಆ ಮುದಿ ಯಂತ್ರ 1913ರವರೆಗೆ ಅಲ್ಲಿ ಉಳಿದುಕೊಂಡಿತು. 1960ರ ದಶಕದಲ್ಲಿ ಅದನ್ನು ನ್ಯೂಕಾಮನ್ ಹುಟ್ಟಿದ ಡಾರ್ಟ್‌ಮತ್ ಊರಿಗೆ ಸಾಗಿಸಿ ಸ್ಮಾರಕವಾಗಿ ಇರಿಸಿದರು. ಈಗಲೂ ಅಲ್ಲಿದೆ. ಎರಡನೆಯ ಯಜಮಾನನ ಕೈಯಲ್ಲಿ ತೊಂಬತ್ತು ವರ್ಷ ಬಾಳಿದ ಯಂತ್ರವನ್ನು ಹಳೆಯ ಸರಕು ಎಂದು ಹಳಿಯುವುದು ಹೇಗೆ?

ಇಂಗ್ಲೆಂಡಿನ ಪಶ್ಚಿಮದ ತುದಿಯಾದ ಕಾರ್ನ್‌ವಾಲಿನಲ್ಲಿ ಇಂಥ ವ್ಯಾಪಾರ ಒಂದು ಸಂಪ್ರದಾಯವೇ ಆಗಿಹೋಗಿತ್ತು. ಅಲ್ಲಿ ತಾಮ್ರದ, ತವರದ ಗಣಿಗಳು ಏಳುತ್ತಿದ್ದವು, ಬೀಳುತ್ತಿದ್ದವು. ಒಂದು ಗಣಿ ಮುಚ್ಚಿದೊಡನೆ ಅದರ ಯಂತ್ರ ಹರಾಜಿಗೆ ಬರುತ್ತಿತ್ತು. ಉರುಳೆಯ ಅಡ್ಡಗಲ ಇಷ್ಟು ಅಂಗುಲ, ಬಾಯ್ಲರುಗಳು ಇಷ್ಟು ಎಂದು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಪಕ್ಕದ ಕಣಿವೆಯ ಗಣಿಯವರು ಕೊಂಡು, ಬಿಡಿಬಿಡಿಯಾಗಿ ಕಳಚಿ, ಕುದುರೆಗಳಿಂದ ಎಳೆಸಿಕೊಂಡು ಹೋಗುತ್ತಿದ್ದರು. ಈಸ್ಟ್ ಪೂಲ್ ಗಣಿಯಲ್ಲಿ ಇಂದಿಗೂ ನೋಡಸಿಗುವ 90 ಅಂಗುಲದ ದೊಡ್ಡ ಯಂತ್ರ 1892ರಲ್ಲಿ ತಯಾರಾದದ್ದು ಬೇರೊಂದು ಗಣಿಗಾಗಿ. ಈಸ್ಟ್ ಪೂಲಿನವರು ಅದನ್ನು ಕೊಂಡು ತಂದದ್ದು 1920ರ ದಶಕದಲ್ಲಿ. ಅದು ದುಡಿದದ್ದು 1954ರವರೆಗೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಾರ್ನ್‌ವಾಲ್ ಚಿಕ್ಕ ನಾಡು. ಯಾವ ಯಂತ್ರ ಎಲ್ಲಿತ್ತು, ಯಾವ ಎಂಜಿನಿಯರನ ಕೈಕೆಳಗೆ ನಡೆಯಿತು, ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂಬುದು ಎಲ್ಲರಿಗೂ ಗೊತ್ತು. ಯಂತ್ರಗಳ ಕಾರ್ಯಕ್ಷಮತೆಯನ್ನು ತಿಂಗಳು ತಿಂಗಳೂ ಅಚ್ಚು ಹಾಕಿ ಹಂಚುವ ಪದ್ಧತಿ ಅಲ್ಲಿ 1811ರಷ್ಟು ಹಿಂದೆಯೇ ಆರಂಭವಾಗಿತ್ತು. ಯಂತ್ರ ಕೈ ಬದಲಿಸಿದರೂ ಅದರ ಕಥೆ ಊರಿನ ಬಾಯಲ್ಲೇ ಇತ್ತು.

ಈ ಕಾರ್ನ್‌ವಾಲಿಗೂ ನಮಗೂ ಒಂದು ನಂಟಿದೆ. ಅಲ್ಲಿನ ಗಣಿಗಳು ಸೋತಾಗ ಯಂತ್ರಗಳು ಮಾತ್ರವಲ್ಲ, ಮನುಷ್ಯರೂ ಕೆಲಸ ಹುಡುಕಿಕೊಂಡು ಹೊರಟರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡ ಮೇಲೆ ಕಾರ್ನ್‌ವಾಲಿನ ಗಣಿ ಕಸುಬುದಾರರು ಕೆ.ಜಿ.ಎಫ್.ಗೆ ಬಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬರುವತನಕ ಅಲ್ಲಿಯೂ ಉಗಿಯದೇ ರಾಜ್ಯ.

ಇನ್ನು ಕಥೆಯ ಕರಾಳ ಭಾಗಕ್ಕೆ ಬರೋಣ. ಕಾರ್ನ್‌ವಾಲಿನಲ್ಲಿ ಇದ್ದ ಪರಿಚಯದ ಬಲ ಮ್ಯಾಂಚೆಸ್ಟರಿನಂಥ ಪಟ್ಟಣಗಳಲ್ಲಿ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಲಂಕಾಶೈರಿನಲ್ಲಿ ಉಗಿ ಬೇಡದ ಕಸುಬೇ ಉಳಿದಿರಲಿಲ್ಲವೆನ್ನಬಹುದು: ನೂಲು, ನೇಯ್ಗೆ, ಬಣ್ಣ, ಮರ ಕೊಯ್ಯುವುದು, ಹಿಟ್ಟು ಬೀಸುವುದು. ದೊಡ್ಡ ಗಿರಣಿಯವರು ಹೊಸ ಬಾಯ್ಲರ್ ತರಿಸಿಕೊಂಡು ಹಳೆಯದನ್ನು ಮಾರುತ್ತಿದ್ದರು. ಅದನ್ನು ಗುಜರಿಯವನು ಕೊಂಡು, ತುಕ್ಕು ಕೆರೆದು, ಬಣ್ಣ ಬಳಿದು ಚಿಕ್ಕ ಬಂಡವಾಳಗಾರನಿಗೆ ಮಾರುತ್ತಿದ್ದ. ಅವನಿಗೆ ಹೊಸದು ಕೊಳ್ಳುವ ಶಕ್ತಿ ಇಲ್ಲ. ಆದರೆ ಅವನ ಕಸುಬಿಗೆ ಬೇಕಾದ ಉಗಿಯ ಒತ್ತಡ ಮೊದಲ ಯಜಮಾನ ಬಳಸುತ್ತಿದ್ದುದಕ್ಕಿಂತ ಹೆಚ್ಚು. ಸುರಕ್ಷಾ ಕವಾಟದ ಸನ್ನೆಗೆ ಇನ್ನೊಂದು ತೂಕದ ಗುಂಡು ನೇತುಹಾಕಿದರೆ ಒತ್ತಡ ಏರುತ್ತದೆ. ಅಷ್ಟು ಸುಲಭ.

ನೀರು ಉಗಿಯಾಗುವಾಗ ಸಾಧಾರಣ ಒತ್ತಡದಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಾಯ್ಲರಿನೊಳಗೆ ಒತ್ತಡದಲ್ಲಿ ಕೂತಿರುವ ನೀರು ನೂರು ಡಿಗ್ರಿಗಿಂತ ಎಷ್ಟೋ ಮೇಲೆ ಕಾದಿದ್ದರೂ ನೀರಾಗಿಯೇ ಇರುತ್ತದೆ. ಪಾತ್ರೆಯ ಗೋಡೆ ಒಂದೆಡೆ ಸೀಳಿದೊಡನೆ ಒತ್ತಡ ಕಳಚಿ, ಆ ನೀರಿನ ಒಂದು ಪಾಲು ಒಂದೇ ಕ್ಷಣದಲ್ಲಿ ಉಗಿಯಾಗಿ ಎದ್ದುಬಿಡುತ್ತದೆ. ಟನ್ನುಗಟ್ಟಲೆ ಭಾರದ ಕಬ್ಬಿಣ ಬಾಣದಂತೆ ಹಾರುವುದು ಹೀಗೆ. ಆ ಸೀಳು ಬಾಯ್ಲರು ಮುಪ್ಪಾದಂತೆ ಒಳಗೊಳಗೇ ಬೆಳೆಯುತ್ತದೆ. ಗಡಸು ನೀರಿನಿಂದ ಒಳಗೋಡೆಗೆ ಸುಣ್ಣದ ಕರಟ ಕಟ್ಟುತ್ತದೆ. ಕರಟದ ಹಿಂದಿನ ತಗಡಿಗೆ ನೀರಿನ ತಂಪು ತಾಗದೆ ಬೆಂಕಿಗೆ ಕೆಂಪಗೆ ಕಾದು ಮೆತ್ತಗಾಗುತ್ತದೆ. ತಳದಲ್ಲಿ ಇಟ್ಟಿಗೆ ಕಟ್ಟೆಗೆ ತಾಗಿಕೊಂಡ ಕಡೆ, ಯಾರ ಕಣ್ಣಿಗೂ ಬೀಳದಲ್ಲಿ, ತುಕ್ಕು ಅರ್ಧ ಅಂಗುಲದ ತಗಡನ್ನು ಕಾಗದದಷ್ಟು ತೆಳುವಾಗಿಸಬಲ್ಲದು.

ಈ ಸ್ಫೋಟಗಳಿಗೆ ಆ ಕಾಲದ ಜನ ಏನೇನೋ ಕಾರಣ ಕಲ್ಪಿಸುತ್ತಿದ್ದರು. ಒಳಗೆ ವಿಚಿತ್ರ ಅನಿಲ ಹುಟ್ಟುತ್ತದೆಂದರು. ವಿದ್ಯುಚ್ಛಕ್ತಿಯ ಲೀಲೆ ಎಂದರು. ಶವಪರೀಕ್ಷೆಯ ಪಂಚರು ಆಕಸ್ಮಿಕ ಮರಣ ಎಂದು ಬರೆದು ಎದ್ದು ಹೋಗುತ್ತಿದ್ದರು. ವಿಲಿಯಂ ಫೇರ್‌ಬೇರ್ನ್ ಎಂಬ ಎಂಜಿನಿಯರ್ ಇದನ್ನು ಒಪ್ಪಲಿಲ್ಲ. ಬಾಯ್ಲರ್ ಒಡೆಯುವುದರಲ್ಲಿ ದೈವವೂ ಇಲ್ಲ, ರಹಸ್ಯವೂ ಇಲ್ಲ. ತಗಡಿನ ಬಲಕ್ಕಿಂತ ಒತ್ತಡ ಹೆಚ್ಚಾಯಿತೆಂದಷ್ಟೇ ಅರ್ಥ ಎಂಬುದು ಆತನ ನಿಲುವು. ಆತ ಮತ್ತು ಇತರರು ಸೇರಿ 1854ರಲ್ಲಿ ಮ್ಯಾಂಚೆಸ್ಟರಿನಲ್ಲಿ ಉಗಿ ಬಳಸುವವರ ಸಂಘವೊಂದನ್ನು ಹುಟ್ಟುಹಾಕಿದರು. ಸಂಘದ ತನಿಖಾಧಿಕಾರಿ ಸದಸ್ಯರ ಬಾಯ್ಲರುಗಳೊಳಕ್ಕೆ ತೂರಿ, ದೀಪ ಹಿಡಿದು, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ ವರದಿ ಬರೆಯುತ್ತಿದ್ದ. ಮಡಕೆ ಕೊಳ್ಳುವ ನಮ್ಮ ಹೆಂಗಸರು ಬೆರಳಿನಿಂದ ಬಡಿದು ಕೇಳುವುದಿಲ್ಲವೆ, ಅದೇ ವಿದ್ಯೆ. 1882ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಾಯ್ಲರ್ ಸ್ಫೋಟಗಳ ಕಾಯಿದೆಯನ್ನು ಮಾಡಿತು. ಇನ್ನು ಮೇಲೆ ಸ್ಫೋಟ ಸಂಭವಿಸಿದರೆ ಸರ್ಕಾರಕ್ಕೆ ತಿಳಿಸಬೇಕು, ವಿಚಾರಣೆ ನಡೆಯಬೇಕು, ವರದಿ ಪ್ರಕಟವಾಗಬೇಕು.

ಆ ವರದಿಗಳ ಸಾಲಿನಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಬಾಯ್ಲರಿನ ವಯಸ್ಸು ತಿಳಿಯದು, ಬಳಸಿದ್ದನ್ನು ಕೊಂಡದ್ದು, ಕೊಂಡವನು ಮಾರಿದವನ ಮಾತನ್ನು ನಂಬಿದ್ದ, ಮಾರಿದವನು ತನಗೆ ಮಾರಿದವನನ್ನು ನಂಬಿದ್ದ. ಯಾರೂ ಬೇಕೆಂದು ಸುಳ್ಳು ಹೇಳಿದಂತೆ ಕಾಣುವುದಿಲ್ಲ. ಪ್ರತಿ ಕೈ ಬದಲಾವಣೆಯಲ್ಲೂ ಕಥೆಯ ಒಂದೊಂದು ಪುಟ ಉದುರಿಹೋಗಿದೆ, ಅಷ್ಟೆ. ಕೊನೆಯಲ್ಲಿ ಅದರ ಮುಂದೆ ಸಲಿಕೆ ಹಿಡಿದು ಕಲ್ಲಿದ್ದಲು ಹಾಕುತ್ತ ನಿಂತವನು ಈ ಕ್ರಯವಿಕ್ರಯ ಯಾವುದರಲ್ಲೂ ಭಾಗಿಯಲ್ಲದ ಕೂಲಿಕಾರ.

ಭಾರತದಲ್ಲಿ ಇದೇ ಪಾಠ ಕಲಕತ್ತೆಯಲ್ಲಿ ಶುರುವಾಯಿತು. 1863ರಲ್ಲಿ ಅಲ್ಲಿ ಸಂಭವಿಸಿದ ಬಾಯ್ಲರ್ ಸ್ಫೋಟದಲ್ಲಿ ಜೀವಹಾನಿಯಾದ ಮೇಲೆ 1864ರಲ್ಲಿ ಬಂಗಾಳದ ಶಾಸನಸಭೆ ಆ ನಗರದ ಬಾಯ್ಲರುಗಳ ತಪಾಸಣೆಗೆ ಕಾನೂನು ಮಾಡಿತು. ಬೇರೆ ಪ್ರಾಂತಗಳು ತಮ್ಮತಮ್ಮ ಕಾನೂನು ಮಾಡಿಕೊಂಡವು. ಒಂದರ ನಿಯಮ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಬೊಂಬಾಯಿಯಲ್ಲಿ ಒಪ್ಪಿದ್ದು ಮದರಾಸಿನಲ್ಲಿ ಒಪ್ಪದು ಎಂಬ ಗೊಂದಲ ತೀರಿದ್ದು 1923ರ ಭಾರತೀಯ ಬಾಯ್ಲರ್ ಕಾಯಿದೆಯಿಂದ. ನನ್ನ ದೃಷ್ಟಿಯಲ್ಲಿ ಆ ಕಾಯಿದೆಯ ಜೀವಾಳವಿರುವುದು ಬಹಳ ಸರಳವಾದ ಒಂದು ಏರ್ಪಾಡಿನಲ್ಲಿ. ಪ್ರತಿ ಬಾಯ್ಲರಿಗೂ ಒಂದು ನೋಂದಣಿ ಸಂಖ್ಯೆ. ಆ ಸಂಖ್ಯೆಯನ್ನು ಅದರ ಮೈಮೇಲೆ ಅಳಿಸದ ಹಾಗೆ ಕೊರೆಯತಕ್ಕದ್ದು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ ಆ ವರ್ಗಾವಣೆಯನ್ನು ವರದಿ ಮಾಡುವತನಕ ಅದನ್ನು ಬಳಸತಕ್ಕದ್ದಲ್ಲ. ಹಲ್ಲಿಲ್ಲದ ಎತ್ತಿಗೆ ಸರ್ಕಾರವೇ ಜಾತಕ ಬರೆದುಕೊಟ್ಟಂತಾಯಿತು. ಬಣ್ಣ ಎಷ್ಟು ಬಳಿದರೂ ಕೊರೆದ ಅಂಕಿ ಮುಚ್ಚುವುದಿಲ್ಲ; ಅಂಕಿ ಹಿಡಿದು ಹೋದರೆ ಕಚೇರಿಯ ಪುಸ್ತಕದಲ್ಲಿ ಹುಟ್ಟಿದ ಇಸವಿ, ಅಳತೆ, ಒತ್ತಡ, ರಿಪೇರಿ ಎಲ್ಲ ಸಿಕ್ಕುತ್ತದೆ. ಒಂದು ಶತಮಾನ ನಡೆದ ಆ ಕಾಯಿದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರ್ ಕಾಯಿದೆ ಬಂದಿದೆ.

ಆದರೆ ಜಾತಕವೊಂದಿದ್ದರೆ ಸಾಲದು ಎಂಬುದನ್ನು ಅಮೆರಿಕದ ಬ್ರಾಕ್‌ಟನ್ ಎಂಬ ಊರು ಕಲಿಸಿತು. ಮ್ಯಾಸಚೂಸೆಟ್ಸಿನ ಈ ಪಟ್ಟಣ ಬೂಟು ತಯಾರಿಕೆಗೆ ಹೆಸರಾದದ್ದು. 1905ರ ಮಾರ್ಚ್ 20ರ ಬೆಳಿಗ್ಗೆ ಗ್ರೋವರ್ ಬೂಟು ಕಾರ್ಖಾನೆಯಲ್ಲಿ ಮುಖ್ಯ ಬಾಯ್ಲರ್ ದುರಸ್ತಿಗೆ ನಿಂತಿತ್ತು. ಬೆಳಗಿನ ಚಳಿಗೆ ಕಟ್ಟಡ ಬೆಚ್ಚಗಾಗಬೇಕು, ಯಂತ್ರಗಳು ತಿರುಗಬೇಕು. ಬದಿಗಿಟ್ಟಿದ್ದ ಹಳೆಯ ಬಾಯ್ಲರಿಗೆ ಬೆಂಕಿ ಹಾಕಿದರು. ಇದು ಹೊರಗಿನಿಂದ ಕೊಂಡು ತಂದದ್ದೆಂದು ನಾನು ಹೇಳುತ್ತಿಲ್ಲ. ನಿವೃತ್ತಿಯಲ್ಲಿದ್ದದ್ದನ್ನು ಮತ್ತೆ ಕರೆದು ಕೆಲಸಕ್ಕೆ ಹಚ್ಚಿದ್ದು. ಎಂಟು ಗಂಟೆಗೆ ಕೆಲವೇ ನಿಮಿಷವಿರುವಾಗ ಅದು ಸಿಡಿದು, ಅಂತಸ್ತುಗಳನ್ನು ಸೀಳಿಕೊಂಡು, ಮಾಳಿಗೆ ಹಾರಿಸಿಕೊಂಡು ಹೊರಬಿತ್ತು. ನಾಲ್ಕಂತಸ್ತಿನ ಮರದ ಕಟ್ಟಡ ಕುಸಿಯಿತು. ಕೆಂಡ ಚೆದುರಿ ಬೆಂಕಿ ಹತ್ತಿತು. ಅವಶೇಷದಡಿ ಸಿಕ್ಕಿ ಬದುಕಿದ್ದವರನ್ನೂ ಆ ಬೆಂಕಿ ಬಿಡಲಿಲ್ಲ. ಸತ್ತವರು 58 ಮಂದಿ, ಗಾಯಗೊಂಡವರು ಸುಮಾರು 150. ಗುರುತು ಹತ್ತದ ದೇಹಗಳನ್ನು ಒಂದೇ ಕಡೆ ಮಣ್ಣು ಮಾಡಿದರು.

ವಿಚಿತ್ರವೆಂದರೆ ಆ ಬಾಯ್ಲರಿಗೆ ವಿಮೆ ಇತ್ತು. ಕೆಲವೇ ತಿಂಗಳ ಹಿಂದೆ ತಜ್ಞರ ತಪಾಸಣೆಯೂ ಆಗಿತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಆಗಿನ ಬಾಯ್ಲರುಗಳನ್ನು ತಗಡು ಬಗ್ಗಿಸಿ, ಎರಡು ಅಂಚುಗಳನ್ನು ಒಂದರ ಮೇಲೊಂದು ಹೊದಿಸಿ, ರಿವೆಟ್ಟು ಬಡಿದು ಮಾಡುತ್ತಿದ್ದರು. ಹೀಗೆ ಅಂಚಿನ ಮೇಲೆ ಅಂಚು ಕೂತರೆ ಪಾತ್ರೆ ಸರಿಯಾದ ದುಂಡಾಗುವುದಿಲ್ಲ. ಬೆಂಕಿ ಹಾಕಿದಾಗಲೆಲ್ಲ ಒತ್ತಡ ಅದನ್ನು ದುಂಡಗೆ ಮಾಡಲು ನೋಡುತ್ತದೆ, ತಣಿದಾಗ ಅದು ಹಿಂದಕ್ಕೆ ಸರಿಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವ ಹುಡುಗರ ಆಟ ಇದು, ವರ್ಷಗಟ್ಟಲೆ ಹಿಡಿಯುತ್ತದೆ ಎಂಬುದೊಂದೇ ಭೇದ. ಬಿರುಕು ಹುಟ್ಟುವುದು ಎರಡು ತಗಡುಗಳ ನಡುವಿನ ಮರೆಯಲ್ಲಿ. ಹೊರಗಿನಿಂದ ಕಾಣದು, ಒಳಗಿನಿಂದಲೂ ಕಾಣದು. ಬಿಚ್ಚಿ ನೋಡಿದರೆ ಮಾತ್ರ ಕಂಡೀತು. ಬಿಚ್ಚಿದರೆ ಬಾಯ್ಲರೇ ಉಳಿಯದು.

ಬ್ರಾಕ್‌ಟನ್ನಿನ ದುರಂತದ ನಂತರ 1907ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಬಾಯ್ಲರುಗಳ ನಿರ್ಮಾಣಕ್ಕೇ ನಿಯಮ ವಿಧಿಸುವ ಮಂಡಳಿಯನ್ನು ನೇಮಿಸಿತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1911ರಲ್ಲಿ ಸಮಿತಿ ರಚಿಸಿ, ಇಡೀ ದೇಶಕ್ಕೆ ಸಲ್ಲುವ ಸಂಹಿತೆಯೊಂದನ್ನು ಸಿದ್ಧಪಡಿಸಿತು. 1914ರ ಆವೃತ್ತಿ ಎಂದು ಅದಕ್ಕೆ ಹೆಸರು. ಹೊದಿಕೆಯ ಸಂದಿಗೆ ಅದು ಕಡಿವಾಣ ಹಾಕಿತು: 36 ಅಂಗುಲಕ್ಕಿಂತ ಅಗಲವಾದ ಪಾತ್ರೆಗಳಿಗೆ ಉದ್ದುದ್ದನೆಯ ಸಂದಿಯಲ್ಲಿ ಅಂಚಿಗೆ ಅಂಚು ತಾಗಿಸಿ ಎರಡೂ ಕಡೆ ಪಟ್ಟಿ ಕೊಡತಕ್ಕದ್ದು. ನನ್ನನ್ನು ಬಹಳವಾಗಿ ಸೆಳೆದದ್ದು ಆ ಸಂಹಿತೆ ‘ಸೆಕೆಂಡ್ ಹ್ಯಾಂಡ್’ ಎಂಬ ಪದಕ್ಕೆ ಕೊಟ್ಟ ಲಕ್ಷಣ. ಒಡೆತನ ಬದಲಾದ ಮಾತ್ರಕ್ಕೆ ಬಾಯ್ಲರ್ ಸೆಕೆಂಡ್ ಹ್ಯಾಂಡ್ ಆಗುವುದಿಲ್ಲ. ಇದ್ದ ಜಾಗ ಬದಲಾದ ಮಾತ್ರಕ್ಕೂ ಆಗುವುದಿಲ್ಲ. ಒಡೆತನ, ಸ್ಥಳ ಎರಡೂ ಬದಲಾದಾಗ ಮಾತ್ರ ಅದು ಸೆಕೆಂಡ್ ಹ್ಯಾಂಡ್. ನಮ್ಮ ಲಾಕ್ಷಣಿಕರೂ ಮೆಚ್ಚಬಹುದಾದ ನಿರ್ದುಷ್ಟ ಲಕ್ಷಣ ಇದು. ಕಾರ್ಖಾನೆಯನ್ನು ಹಾಗೆಯೇ ಮಾರಿದರೆ ಯಜಮಾನ ಹೊಸಬನಾದರೂ ಬೆಂಕಿ ಹಾಕುವ ಆಳು ಹಳಬನೇ. ಅದರ ಸ್ವಭಾವ ಅವನಿಗೆ ಗೊತ್ತು. ಅದೇ ಯಜಮಾನ ಯಂತ್ರವನ್ನು ಬೇರೆ ಊರಿಗೆ ಸಾಗಿಸಿದರೆ ಅವನ ನೆನಪು ಜೊತೆಗೆ ಹೋಗುತ್ತದೆ. ಎರಡೂ ಕಡಿದುಹೋದಾಗಲೇ ಯಂತ್ರ ಅನಾಥವಾಗುವುದು. ಅಂಥ ಬಾಯ್ಲರ್ ಹೊಸ ಸಂಹಿತೆಯ ಪ್ರಕಾರ ಕಟ್ಟಿದ್ದಲ್ಲವಾದರೆ, ಅದು ತಡೆಯಬಲ್ಲ ಒತ್ತಡದ ಐದೂವರೆಯಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಅದರ ಮೇಲೆ ಹೇರಕೂಡದೆಂದು ನಿಯಮ ಮಾಡಿದರು. ತಿಳಿಯದ ಚರಿತ್ರೆಗೆ ಎಂಜಿನಿಯರುಗಳು ಕಟ್ಟಿದ ಬೆಲೆ ಆ ಐದೂವರೆ.

ಅರ್ಥಶಾಸ್ತ್ರಜ್ಞರು ಇದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಿನಿಂದ ಹೊಕ್ಕು ನೋಡಿದ್ದಾರೆ. ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ವಿದ್ವಾಂಸ 1970ರಲ್ಲಿ ಬಳಸಿದ ಕಾರುಗಳ ಪೇಟೆಯನ್ನು ಕುರಿತು ಒಂದು ಪ್ರಬಂಧ ಬರೆದ. ಸರಕಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ. ಕೊನೆಗೆ ಪೇಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಮೂರು ಪತ್ರಿಕೆಗಳು ಹಿಂದಿರುಗಿಸಿದ ಆ ಪ್ರಬಂಧಕ್ಕೆ ಮುಂದೆ, 2001ರಲ್ಲಿ, ನೊಬೆಲ್ ಪ್ರಶಸ್ತಿಯ ಮನ್ನಣೆ ಬಂತು. ಕೆಟ್ಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಪ್ರಬಂಧದ ಶೀರ್ಷಿಕೆಯಲ್ಲಿಯೂ ಅದೇ ಇದೆ. ನಾವೋ ಹೊಸ ಗಾಡಿ ಕೊಂಡ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ಹಿಂಡಿಯೇ ಮುಂದಕ್ಕೆ ಹೊರಡುವವರು. ಇರಲಿ.

ಇಷ್ಟು ಹೊತ್ತು ಬಿಸಿಯ ಮಾತಾಯಿತು. ಇನ್ನು ತಂಪಿನ ಮಾತು. ಶೈತ್ಯದ ಸಾಧನವೊಂದು ಕೈ ಬದಲಿಸಿದ ಸೊಗಸಾದ ಕಥೆ ನಮ್ಮ ನೆರೆಯ ಮದರಾಸಿನಲ್ಲಿಯೇ ಇದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ 1833ರಲ್ಲಿ ಕಲಕತ್ತೆಗೆ ಕಳಿಸಿದ. ಮದರಾಸಿನ ಸಮುದ್ರತೀರದಲ್ಲಿ 1842ರಲ್ಲಿ ಅವನ ಮಂಜಿನ ಮನೆ ಎದ್ದಿತು. ಮುಂದೆ ಮಂಜುಗಡ್ಡೆಯನ್ನು ಇಲ್ಲಿಯೇ ಯಂತ್ರದಿಂದ ತಯಾರಿಸತೊಡಗಿದಾಗ ಟ್ಯೂಡರನ ವ್ಯಾಪಾರ ಕರಗಿಹೋಯಿತು. ಕಟ್ಟಡವನ್ನು ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡು ಮನೆಯಾಗಿ ಮಾರ್ಪಡಿಸಿದರು. ತಂಪು ಹೊರಹೋಗದಂತೆ ಕಟ್ಟಿದ್ದ ಗೋಡೆಗೆ ಕಿಟಕಿಗಳನ್ನು ತೆರೆಸಬೇಕಾಯಿತು. 1897ರಲ್ಲಿ ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು ಅಲ್ಲಿ ಒಂಬತ್ತು ದಿನ ತಂಗಿದರು. ಮುಂದೆ ಸೋದರಿ ಸುಬ್ಬಲಕ್ಷ್ಮಿಯವರ ವಿಧವಾಶ್ರಮವೂ ಅಲ್ಲಿ ನಡೆಯಿತು. ಒಡೆತನ ಬದಲಾದರೂ ಊರು ಬದಲಾಗದ ಸಾಧನವಾದ್ದರಿಂದ ಅಮೆರಿಕದವರ ಲಕ್ಷಣದಂತೆ ಇದು ಸೆಕೆಂಡ್ ಹ್ಯಾಂಡ್ ಅಲ್ಲ!

ಹಳೆಯ ಹಡಗಿಗೆ ಹೊಸ ಶೈತ್ಯಯಂತ್ರ ಹೂಡಿ ಲೋಕದ ಊಟವನ್ನೇ ಬದಲಾಯಿಸಿದ ಕಥೆಯೂ ಉಂಟು. ‘ಡನೀಡಿನ್’ ಎಂಬ ಹಾಯಿಹಡಗು 1874ರಲ್ಲಿ ವಲಸೆಗಾರರನ್ನು ಸಾಗಿಸಲು ಕಟ್ಟಿದ್ದು. 1881ರಲ್ಲಿ ಅದರೊಳಗೆ ಗಾಳಿಯನ್ನು ಒತ್ತಿ ಹಿಗ್ಗಿಸಿ ತಣಿಸುವ ಯಂತ್ರವನ್ನು ಕೂರಿಸಿದರು. 1882ರ ಫೆಬ್ರವರಿ 15ರಂದು ಅದು ಸುಮಾರು 5,000 ಕುರಿಗಳ ಮಾಂಸ ಹೇರಿಕೊಂಡು ನ್ಯೂಜಿಲೆಂಡಿನಿಂದ ಹೊರಟಿತು. ಉಷ್ಣವಲಯದಲ್ಲಿ ತಂಪುಗಾಳಿ ಸರಕಿನ ಉಗ್ರಾಣದಲ್ಲಿ ಸಮನಾಗಿ ಹರಡದೆ ಹೋದಾಗ ಕ್ಯಾಪ್ಟನ್ ವಿಟ್ಸನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಕಿಂಡಿಗಳನ್ನು ಕೊಯ್ದ. ಚಳಿಗೆ ಮರಗಟ್ಟಿ ಬಿದ್ದವನನ್ನು ಜೊತೆಗಾರ ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದನಂತೆ. 98 ದಿನಗಳ ಮೇಲೆ ಲಂಡನ್ ತಲುಪಿದಾಗ ಕೆಟ್ಟಿದ್ದ ಕುರಿ ಒಂದೇ ಒಂದು. ಹಡಗೇನೋ ಎಂಟು ವರ್ಷದ ಹಳೆಯದು. ಆದರೆ ಅದರ ಒಳಹೊರಗನ್ನೆಲ್ಲ ಬಲ್ಲ ಮನುಷ್ಯ ಅದರೊಂದಿಗೇ ಇದ್ದ.

ತಣಿಸುವ ಯಂತ್ರದಲ್ಲಿ ಬಾಯ್ಲರಿನಲ್ಲಿಲ್ಲದ ಇನ್ನೊಂದು ತೊಡಕುಂಟು. ಅದರ ನರಗಳಲ್ಲಿ ಹರಿಯುವ ದ್ರವ್ಯ. ಅಮೋನಿಯ, ಗಂಧಕದ ಡೈ ಆಕ್ಸೈಡ್ ಮೊದಲಾದವು ವಿಷ, ಸೋರಿದರೆ ಸಾವು. ಮನೆಯ ಶೈತ್ಯಪೆಟ್ಟಿಗೆ ಸೋರಿ ಬರ್ಲಿನ್ನಿನ ಒಂದು ಸಂಸಾರ ಸತ್ತಿತೆಂಬ ಸುದ್ದಿ ಓದಿ ನೊಂದು ಐನ್‌ಸ್ಟೈನ್ ತನ್ನ ಕಿರಿಯ ಗೆಳೆಯ ಸಿಲಾರ್ಡ್‌ನೊಡನೆ ಅಲುಗುವ ಭಾಗಗಳೇ ಇಲ್ಲದ ಶೈತ್ಯಪೆಟ್ಟಿಗೆಯ ಯೋಜನೆಗೆ ಕೈಹಾಕಿದ. ಪೇಟೆಯನ್ನು ಗೆದ್ದದ್ದು ಮಾತ್ರ ಥಾಮಸ್ ಮಿಜ್ಲಿ ಕಂಡುಹಿಡಿದ ಫ್ರಿಯಾನ್. 1930ರಲ್ಲಿ ಆತ ವಿದ್ವಾಂಸರ ಸಭೆಯಲ್ಲಿ ಆ ಅನಿಲವನ್ನು ಉಸಿರೆಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ, ವಿಷವೂ ಅಲ್ಲ, ಬೆಂಕಿಯೂ ಹತ್ತದು ಎಂದು ತೋರಿಸಿದ. ನಾಲ್ಕು ದಶಕದ ಮೇಲೆ, 1974ರಲ್ಲಿ, ಮೊಲೀನಾ ಮತ್ತು ರೋಲೆಂಡ್ ಅದು ಓಜೋನ್ ಪದರವನ್ನು ತಿನ್ನಬಲ್ಲುದೆಂದು ಎಚ್ಚರಿಸಿದರು. 1985ರಲ್ಲಿ ದಕ್ಷಿಣ ಧ್ರುವದ ಮೇಲಿನ ತೂತು ಬೆಳಕಿಗೆ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಆ ಒಪ್ಪಂದ ಮುಂದುವರಿದ ದೇಶಗಳಿಗೆ 1995ರ ಕೊನೆಯವರೆಗೆ ಗಡುವು ಕೊಟ್ಟಿತು, ನಮ್ಮಂಥ ದೇಶಗಳಿಗೆ 2010ರವರೆಗೆ. ಬಡವರಿಗೆ ಕಾಲಾವಕಾಶ ಕೊಟ್ಟದ್ದು ನ್ಯಾಯವೇ. ಆದರೆ ಆ ಅಂತರ ಒಂದು ಇಳಿಜಾರನ್ನೂ ನಿರ್ಮಿಸಿತು. ಅಲ್ಲಿ ಬೇಡವಾದ ಶೈತ್ಯಯಂತ್ರಗಳು ಇಲ್ಲಿಗೆ ಹರಿದುಬರುವುದಕ್ಕೆ ಅಡ್ಡಿಯಿಲ್ಲ. ಹೀಗೆ ಬಂದ ಯಂತ್ರ ಅಗ್ಗವೆಂದು ಕಾಣುತ್ತದೆ; ಮುಂದೆ ಅದಕ್ಕೆ ತುಂಬಬೇಕಾದ ಅನಿಲವೇ ಸಿಕ್ಕದ ದಿನ ಬರುತ್ತದೆಂಬುದು ರಸೀದಿಯಲ್ಲಿ ಬರೆದಿರುವುದಿಲ್ಲ. ಹಳೆಯ ಯಂತ್ರ ಬೇಡವೆನ್ನುವ ದೇಶಗಳು ಹಾಗೆಂದು ಸೂಚನೆ ಕೊಡಬಹುದೆಂದು ಒಪ್ಪಂದದ ಸದಸ್ಯರು ನಿರ್ಣಯ ಮಾಡಬೇಕಾಗಿ ಬಂತು.

ಪಶ್ಚಿಮ ಆಫ್ರಿಕದ ಘಾನಾ ದೇಶದ ಅನುಭವ ಇಲ್ಲಿ ಹೇಳತಕ್ಕದ್ದು. ಯೂರೋಪಿನ ಮನೆಗಳೂ ಅಂಗಡಿಗಳೂ ಬಿಸುಟ ಶೈತ್ಯಪೆಟ್ಟಿಗೆಗಳು, ಹವಾನಿಯಂತ್ರಣ ಯಂತ್ರಗಳು ಹಡಗು ಹಡಗಾಗಿ ಅಲ್ಲಿಗೆ ಬರುತ್ತಿದ್ದವು. ಅವನ್ನು ರಿಪೇರಿ ಮಾಡಿ ಮಾರುವುದೇ ಎಷ್ಟೋ ಸಂಸಾರಗಳ ಅನ್ನ. ಮೀನು ಮಾರುವ, ತಣ್ಣನೆಯ ನೀರು ಮಾರುವ ಹೆಂಗಸಿಗೆ ಮೊದಲ ಬಾರಿ ಒಂದು ಶೈತ್ಯಪೆಟ್ಟಿಗೆ ಕೈಗೆಟುಕಿದ್ದು ಈ ವ್ಯಾಪಾರದಿಂದಲೇ. ಇನ್ನೊಂದು ಕಡೆ ನೋಡಿದರೆ ಅಂಥ ಒಂದು ಪೆಟ್ಟಿಗೆ ವರ್ಷಕ್ಕೆ ಸುಮಾರು 1,200 ಯೂನಿಟ್ಟು ವಿದ್ಯುತ್ತು ನುಂಗುತ್ತದೆಂದು ಅಲ್ಲಿನ ಸರ್ಕಾರದ ಅಂದಾಜು. ಒಳ್ಳೆಯ ಹೊಸ ಪೆಟ್ಟಿಗೆಗೆ ಅದರ ನಾಲ್ಕನೆಯ ಒಂದು ಪಾಲು ಸಾಕು. ವೋಲ್ಟಾ ನದಿಯ ಅಕೊಸೊಂಬೊ ಅಣೆಕಟ್ಟಿನ ನೀರು ತಗ್ಗಿ 2006-07ರಲ್ಲಿ ದೇಶ ಕತ್ತಲಲ್ಲಿ ಕುಳಿತಾಗ ಈ ಲೆಕ್ಕ ಎಲ್ಲರಿಗೂ ಅರ್ಥವಾಯಿತು. ಅಗ್ಗದ ಯಂತ್ರದ ಉಳಿದ ಬೆಲೆಯನ್ನು ಇಡೀ ದೇಶ ತನ್ನ ನದಿಯ ನೀರಿನಿಂದ ತೆರುತ್ತಿತ್ತು.

ಬಳಸಿದ ಶೈತ್ಯಪೆಟ್ಟಿಗೆ, ಹವಾನಿಯಂತ್ರಣ ಯಂತ್ರಗಳ ಆಮದು ಮತ್ತು ಮಾರಾಟಗಳನ್ನು ನಿಷೇಧಿಸಿ ಘಾನಾ 2008ರಲ್ಲಿ ನಿಯಮ ಮಾಡಿತು. ವ್ಯಾಪಾರಿಗಳು ವಿರೋಧಿಸಿದರು, ಅವರ ಹೊಟ್ಟೆಪಾಡಿನ ಮಾತು ಸುಳ್ಳಾಗಿರಲಿಲ್ಲ. ಒಂದಷ್ಟು ವರ್ಷ ಅವಕಾಶ ಕೊಟ್ಟು 2013ರ ಜನವರಿಯಿಂದ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಅದಕ್ಕೆ ಸ್ವಲ್ಪ ಮುಂಚೆ, 2012ರಲ್ಲಿ, ಹಳೆಯ ಪೆಟ್ಟಿಗೆಯನ್ನು ತಂದೊಪ್ಪಿಸಿದವರಿಗೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಕೊಡುವ ಯೋಜನೆಯೂ ಆರಂಭವಾಯಿತು. ಹೀಗೆ ಬಂದು ಸೇರಿದ ಪೆಟ್ಟಿಗೆಗಳನ್ನು ಮತ್ತೆ ಯಾರಿಗೂ ಮಾರಲಿಲ್ಲ. ಒಳಗಿನ ಅನಿಲವನ್ನು ಸೀಸೆಗಳಿಗೆ ಹೀರಿ ತೆಗೆದು, ತಾಮ್ರ, ಉಕ್ಕು, ಪ್ಲಾಸ್ಟಿಕ್ಕುಗಳನ್ನು ಬೇರೆ ಬೇರೆ ರಾಶಿ ಹಾಕಿದರು.